ಜಾಲಿಗೆ ತಪ್ಪಿದ ಹೆಸರು

2005ರ ಜುಲೈಯಲ್ಲಿ ವಿಯೆನ್ನಾದಲ್ಲಿ ಸೇರಿದ್ದ ಸಸ್ಯವಿಜ್ಞಾನಿಗಳ ಮುಂದೆ ಒಂದು ಪ್ರಶ್ನೆ ಮತಕ್ಕೆ ಬಂತು. ಆಫ್ರಿಕಾದಲ್ಲೂ ಭಾರತದಲ್ಲೂ ಬೆಳೆಯುವ ಕರಿಜಾಲಿ ಮರ ಎರಡೂವರೆ ಶತಮಾನದಿಂದ ಹೊತ್ತಿದ್ದ ‘ಅಕೇಶಿಯ’ ಎಂಬ ಕುಲನಾಮವನ್ನು ಅದರಿಂದ ಬಿಡಿಸಿ ಆಸ್ಟ್ರೇಲಿಯಾದ ಮರಗಳಿಗೆ ಕೊಡಬಹುದೇ? ಕೊಡಬಾರದು ಎಂದು 247 ಮತಗಳು ಬಿದ್ದವು, ಕೊಡಬಹುದು ಎಂದು 203. ಎಣಿಕೆ ಮುಗಿದ ಮೇಲೆ ಹೆಸರು ಆಸ್ಟ್ರೇಲಿಯಾದ ಮರಗಳಿಗೇ ಹೋಯಿತು.

ಕಡಿಮೆ ಮತ ಪಡೆದ ಪಕ್ಷ ಗೆದ್ದದ್ದು ಹೇಗೆ ಎಂಬುದಕ್ಕೆ ಉತ್ತರವಿದೆ, ಅದಕ್ಕೆ ಆಮೇಲೆ ಬರುತ್ತೇನೆ. ಸಸ್ಯಶಾಸ್ತ್ರದ ಇತಿಹಾಸದಲ್ಲಿ ಒಂದು ಹೆಸರಿಗಾಗಿ ಇಷ್ಟು ದೀರ್ಘವಾಗಿ, ಇಷ್ಟು ಕಹಿಯಾಗಿ ನಡೆದ ವಾದ ಇನ್ನೊಂದು ಸಿಗುವುದು ಕಷ್ಟ. ಪರ-ವಿರೋಧದ ಲೇಖನಗಳು ವರ್ಷಗಟ್ಟಲೆ ಬಂದವು, ಎರಡು ಖಂಡಗಳ ಜನ ಭಾವುಕರಾದರು. ಅಷ್ಟಕ್ಕೂ ವಿವಾದದ ನಡುವೆ ನಿಂತಿದ್ದ ಮರ ಯಾವುದು? ನಮ್ಮ ಬಯಲುಸೀಮೆಯಲ್ಲಿ ಯಾರೂ ಎರಡನೆಯ ಸಲ ತಿರುಗಿ ನೋಡದ ಜಾಲಿ.

ಹಳೇ ಮೈಸೂರಿನ ಕಡೆ ಇದನ್ನು ಗೊಬ್ಬಳಿ ಎನ್ನುವವರಿದ್ದಾರೆ. ಕಪ್ಪಗೆ ಒರಟಾಗಿ ಸೀಳಿದ ತೊಗಟೆ, ಎಲೆಯ ಬುಡದಲ್ಲಿ ಜೋಡಿಜೋಡಿಯಾಗಿ ನೆಟ್ಟಗೆ ಚಾಚಿದ ಬಿಳಿ ಮುಳ್ಳು, ದುಂಡನೆಯ ಹಳದಿ ಹೂಗೊಂಚಲು, ಬೀಜಬೀಜಕ್ಕೂ ಸೊಂಟ ಹಿಡಿದಂತೆ ಕಿರಿದಾಗುವ ಬೂದುಬಣ್ಣದ ಕಾಯಿ. ಕಾಯಿ ಉದುರುವ ಕಾಲಕ್ಕೆ ಕುರಿ ಮೇಕೆಗಳು ಮರದಡಿಯಿಂದ ಕದಲುವುದಿಲ್ಲ. ಗಾಡಿಯ ಚಕ್ರಕ್ಕೆ, ನೇಗಿಲಿಗೆ ಇದರ ಮರ ಬೇಕಿತ್ತು. ಚರ್ಮ ಹದ ಮಾಡಲು ಇದರ ತೊಗಟೆ ಬೇಕಿತ್ತು. ಕೆರೆಯಂಗಳದಲ್ಲಿ ಮೊಣಕಾಲುದ್ದ ನೀರು ನಿಂತರೂ ಬದುಕುತ್ತದೆ, ಆಮೇಲೆ ತಿಂಗಳುಗಟ್ಟಲೆ ಮಳೆ ಕಾಣದಿದ್ದರೂ ಬದುಕುತ್ತದೆ. ಬಡವರ ಒಲೆ, ಬೇಲಿ, ಕೃಷಿ ಉಪಕರಣ ಎಲ್ಲಕ್ಕೂ ಒದಗಿದ ಮರ ಇದು. ಇಂಥ ಮರವೊಂದು ಜಗತ್ತಿನ ಅತಿ ಪ್ರಸಿದ್ಧ ಸಸ್ಯಕುಲಗಳಲ್ಲೊಂದರ ಯಜಮಾನ ಸ್ಥಾನದಲ್ಲಿತ್ತು ಎಂಬುದು ನಮ್ಮಲ್ಲಿ ಹೆಚ್ಚು ಜನಕ್ಕೆ ಗೊತ್ತಿರಲಿಲ್ಲ. ಆ ಸ್ಥಾನ ಹೋದದ್ದೂ ಗೊತ್ತಾಗಲಿಲ್ಲ.

ಸ್ಥಾನ ಬಂದದ್ದು ಹೇಗೆ ನೋಡೋಣ. ಕ್ರಿಸ್ತಶಕದ ಮೊದಲ ಶತಮಾನದಲ್ಲಿದ್ದ ಗ್ರೀಕ್ ವೈದ್ಯ ಡಯಾಸ್ಕೊರಿಡಿಸ್ ಈಜಿಪ್ಟಿನ ಒಂದು ಮುಳ್ಳುಮರವನ್ನೂ ಅದರಿಂದ ಪಡೆಯುವ ಔಷಧಿಯನ್ನೂ ‘ಅಕಾಕಿಯ’ ಎಂದು ಕರೆದ. ನೈಲ್ ನದಿಯ ದಂಡೆಯಲ್ಲಿ ಬೆಳೆಯುವ ಜಾಲಿ ಅದು. ಯುರೋಪಿನ ವೈದ್ಯರು, ಗಿಡಮೂಲಿಕೆಯವರು ಆ ಹೆಸರನ್ನು ಶತಮಾನಗಳವರೆಗೆ ಬಳಸಿದರು. 1753ರಲ್ಲಿ ಸ್ವೀಡನ್ನಿನ ಲಿನೇಯಸ್ ಎಲ್ಲ ಸಸ್ಯಗಳಿಗೂ ಎರಡು ಪದಗಳ ಹೆಸರು ಕೊಟ್ಟು ಗ್ರಂಥ ಪ್ರಕಟಿಸಿದಾಗ ಜಾಲಿಯನ್ನು ಮಿಮೋಸ ಕುಲಕ್ಕೆ, ಅಂದರೆ ಮುಟ್ಟಿದರೆ ಮುನಿಯ ಇರುವ ಕುಲಕ್ಕೆ ಸೇರಿಸಿದ. ಲಂಡನ್ನಿನ ಚೆಲ್ಸಿ ಔಷಧೀಯ ಉದ್ಯಾನದ ಮುಖ್ಯಸ್ಥನಾಗಿದ್ದ ಫಿಲಿಪ್ ಮಿಲ್ಲರ್ ಇದನ್ನು ಒಪ್ಪಲಿಲ್ಲ. ಮರುವರ್ಷವೇ, 1754ರಲ್ಲಿ, ತೋಟಗಾರರಿಗಾಗಿ ಬರೆದ ತನ್ನ ನಿಘಂಟಿನಲ್ಲಿ ಅಕೇಶಿಯವನ್ನು ಬೇರೆ ಕುಲವಾಗಿಯೇ ಉಳಿಸಿಕೊಂಡ. ನೆಪೋಲಿಯನ್ನನ ದಂಡಯಾತ್ರೆಯೊಂದಿಗೆ ಈಜಿಪ್ಟಿಗೆ ಹೋಗಿದ್ದ ಡೆಲಿಲ್ 1813ರಲ್ಲಿ ಜಾಲಿಗೆ ‘ಅಕೇಶಿಯ ನಿಲೋಟಿಕ’ ಎಂಬ ಹೆಸರನ್ನು ಅಚ್ಚಿಗೆ ತಂದ. ನಮ್ಮ ಕಡೆಯ ಹಳೆಯ ಸಸ್ಯಗ್ರಂಥಗಳಲ್ಲಿ, ಅರಣ್ಯ ಇಲಾಖೆಯ ಹಳೆಯ ಕಡತಗಳಲ್ಲಿ ಇದೇ ಮರ ‘ಅಕೇಶಿಯ ಅರಾಬಿಕ’ ಆಗಿ ಕಾಣುತ್ತದೆ. ಹೆಸರಿನ ಎರಡನೆಯ ಪದ ಹೀಗೆ ಬದಲಾಗುತ್ತಿದ್ದರೂ ಮೊದಲನೆಯದು ಗಟ್ಟಿಯಾಗಿ ನಿಂತಿತ್ತು.

ಮಿಲ್ಲರನ ಕಾಲಕ್ಕೆ ಆಸ್ಟ್ರೇಲಿಯಾದ ಒಂದು ಗಿಡವೂ ಈ ಕುಲದಲ್ಲಿರಲಿಲ್ಲ. ಇಂಗ್ಲಿಷ್ ನಾವಿಕರು ಆ ಖಂಡದ ಪೂರ್ವ ಕರಾವಳಿಯನ್ನು ತಲುಪಿದ್ದೇ 1770ರಲ್ಲಿ. ಅಲ್ಲಿಂದ ಬಂದ ಮಾದರಿಗಳಲ್ಲಿ ದುಂಡನೆಯ ಹಳದಿ ಹೂವಿನ, ಕೇಸರಗಳು ತುಂಬಿದ ನೂರಾರು ಗಿಡಗಳಿದ್ದವು. ಹೂವು ಜಾಲಿಯ ಹೂವಿನಂತೆಯೇ ಇತ್ತು. ಮುಳ್ಳು ಮಾತ್ರ ಬಹುತೇಕ ಗಿಡಗಳಲ್ಲಿರಲಿಲ್ಲ. ಹಲವಕ್ಕೆ ನಿಜವಾದ ಎಲೆಯೂ ಇಲ್ಲ, ಎಲೆತೊಟ್ಟೇ ಚಪ್ಪಟೆಯಾಗಿ ಎಲೆಯ ಕೆಲಸ ಮಾಡುತ್ತದೆ. ಹಾಗಿದ್ದರೂ ಜಾರ್ಜ್ ಬೆಂಥಮ್ 1875ರ ತನ್ನ ದೊಡ್ಡ ಪರಿಷ್ಕರಣೆಯಲ್ಲಿ ಎಲ್ಲವನ್ನೂ ಒಂದೇ ಕುಲದೊಳಗೆ ಇಟ್ಟ. ಮುಂದಿನ ನೂರು ವರ್ಷಗಳಲ್ಲಿ ಅಕೇಶಿಯ ಸಾವಿರದ ಮುನ್ನೂರಕ್ಕೂ ಹೆಚ್ಚು ಪ್ರಭೇದಗಳ ಭಾರಿ ಕುಲವಾಗಿ ಬೆಳೆಯಿತು. ಅದರಲ್ಲಿ ಸಾವಿರದಷ್ಟು ಆಸ್ಟ್ರೇಲಿಯಾದವು.

ಇದೊಂದು ಕುಲವಲ್ಲ ಎಂಬ ಅನುಮಾನ ಹಿಂದಿನಿಂದಲೂ ಇತ್ತು. ಕ್ವೀನ್ಸ್‌ಲ್ಯಾಂಡಿನ ಸಸ್ಯವಿಜ್ಞಾನಿ ಲೆಸ್ ಪೆಡ್ಲಿ 1986ರಲ್ಲಿ ಇದನ್ನು ಮೂರಾಗಿ ಒಡೆಯಬೇಕೆಂದು ಬರೆದರು. ಆಮೇಲೆ ಬಂದ ಡಿಎನ್‌ಎ ಅಧ್ಯಯನಗಳು ಅನುಮಾನವನ್ನು ಮುಗಿಸಿದವು. ಆಸ್ಟ್ರೇಲಿಯಾದ ಗುಂಪು ಜಾಲಿಗಿಂತಲೂ ಬಾಗೆ, ಮಳೆಮರಗಳ ಬಳಗಕ್ಕೆ ಹತ್ತಿರ. ಜಾಲಿಯದು ಬೇರೆ ಕವಲು. ಕಾಚಿನ ಮರ, ಸೀಗೆಬಳ್ಳಿ ಇರುವ ಗುಂಪು ಮೂರನೆಯದು. ಅಮೆರಿಕಾ ಖಂಡದ ಎರಡು ಚಿಕ್ಕ ಗುಂಪುಗಳೂ ಪ್ರತ್ಯೇಕವಾದವು. ಹೂವು ಒಂದೇ ಥರ ಇದ್ದದ್ದರಿಂದ ಒಟ್ಟಿಗೆ ಕಟ್ಟಿದ ಕಂತೆ ಅದು, ಒಂದೇ ಬೇರಿನ ಸಂತತಿಯಲ್ಲ. ಈ ಭಾಗದ ಬಗ್ಗೆ ಇಂದು ಗಂಭೀರ ತಕರಾರಿಲ್ಲ. ಬರಿಗಣ್ಣಿಗೂ ವ್ಯತ್ಯಾಸ ಕಾಣುತ್ತದೆ: ಜಾಲಿಯ ಗುಂಪಿನಲ್ಲಿ ಮುಳ್ಳು ಜೋಡಿಯಾಗಿ, ನೇರವಾಗಿ ಎಲೆಬುಡದಲ್ಲಿರುತ್ತದೆ, ಸೀಗೆ-ಕಾಚಿನ ಗುಂಪಿನದು ಬಟ್ಟೆ ಹಿಡಿದು ಎಳೆಯುವ ಕೊಕ್ಕೆಮುಳ್ಳು, ಆಸ್ಟ್ರೇಲಿಯಾದವುಗಳಲ್ಲಿ ಹೆಚ್ಚಿನವಕ್ಕೆ ಮುಳ್ಳೇ ಇಲ್ಲ.

ತಕರಾರು ಶುರುವಾಗುವುದು ಇನ್ನು ಮುಂದೆ. ಒಡೆದ ಮೇಲೆ ಹಳೆಯ ಹೆಸರು ಯಾರಿಗೆ?

ಯಾವ ಗಿಡ ಯಾವ ಗುಂಪಿಗೆ ಸೇರಬೇಕು ಎನ್ನುವುದು ವರ್ಗೀಕರಣ. ಅದನ್ನು ಸಾಕ್ಷ್ಯ ತೀರ್ಮಾನಿಸುತ್ತದೆ. ಆ ಗುಂಪಿಗೆ ಯಾವ ಹೆಸರು ಸಲ್ಲಬೇಕು ಎನ್ನುವುದು ನಾಮಕರಣ. ಅದನ್ನು ತೀರ್ಮಾನಿಸುವುದು ಕಾನೂನು. ಅಂತಾರಾಷ್ಟ್ರೀಯ ಸಸ್ಯನಾಮಕರಣ ಸಂಹಿತೆ ಎಂಬ ಪುಸ್ತಕವೇ ಇದೆ. ಸುಮಾರು ಆರು ವರ್ಷಕ್ಕೊಮ್ಮೆ ಸೇರುವ ಅಂತಾರಾಷ್ಟ್ರೀಯ ಸಸ್ಯವಿಜ್ಞಾನ ಮಹಾಸಭೆಯಲ್ಲಿ ಅದನ್ನು ತಿದ್ದುತ್ತಾರೆ. ಸಂಹಿತೆಯ ಬುನಾದಿ ಎರಡು ಮಾತು. ಮೊದಲು ಪ್ರಕಟವಾದ ಹೆಸರಿಗೆ ಮೊದಲ ಹಕ್ಕು. ಪ್ರತಿ ಕುಲನಾಮವೂ ಒಂದು ಮಾದರಿ ಪ್ರಭೇದಕ್ಕೆ ಶಾಶ್ವತವಾಗಿ ಕಟ್ಟಿಕೊಂಡಿರುತ್ತದೆ. ಅವಿಭಕ್ತ ಕುಟುಂಬ ಹಿಸೆಯಾದಾಗ ತಮ್ಮಂದಿರ ಸಂಸಾರ ಎಷ್ಟೇ ದೊಡ್ಡದಿರಲಿ, ಮನೆತನದ ಹೆಸರು ಮೂಲಮನೆಯಲ್ಲಿ ಉಳಿದವನ ಜೊತೆಗಿರುತ್ತದಲ್ಲ, ಹಾಗೆ. ಕುಲ ಒಡೆದರೆ ಮಾದರಿ ಪ್ರಭೇದ ಯಾವ ಪಾಲಿಗೆ ಹೋಗುತ್ತದೋ ಹೆಸರೂ ಆ ಪಾಲಿಗೆ. ಅಕೇಶಿಯದ ಮಾದರಿ ಪ್ರಭೇದ ಜಾಲಿ. ಆದ್ದರಿಂದ ನಿಯಮದ ಪ್ರಕಾರ ಅಕೇಶಿಯ ಎಂಬ ಹೆಸರು ಜಾಲಿಯ ಗುಂಪಿನಲ್ಲೇ ಉಳಿಯಬೇಕಿತ್ತು, ಆಸ್ಟ್ರೇಲಿಯಾದ ಸಾವಿರ ಪ್ರಭೇದಗಳು ‘ರಾಕೊಸ್ಪರ್ಮ’ ಎಂಬ, 1835ರಲ್ಲಿ ಪ್ರಕಟವಾಗಿ ಮೂಲೆಗುಂಪಾಗಿದ್ದ ಹೆಸರಿಗೆ ಹೋಗಬೇಕಿತ್ತು. ಪೆಡ್ಲಿ ಸೂಚಿಸಿದ್ದೂ ಅದನ್ನೇ. ಅವರು ಆಸ್ಟ್ರೇಲಿಯಾದವರೇ ಎಂಬುದನ್ನು ಗಮನಿಸಬೇಕು. ನಿಯಮವನ್ನು ಅವರು ತಮ್ಮ ದೇಶದ ಅನುಕೂಲಕ್ಕಾಗಿ ತಿರುಚಲಿಲ್ಲ.

ಆದರೆ ಸಂಹಿತೆಯಲ್ಲಿ ಒಂದು ಬಾಗಿಲಿದೆ. ನಿಯಮವನ್ನು ಅಕ್ಷರಶಃ ಪಾಲಿಸಿದರೆ ಬಹಳ ಗೊಂದಲವಾಗುವ ಕಡೆ ಬಳಕೆಯ ಹೆಸರನ್ನು ವಿಶೇಷ ತೀರ್ಮಾನದಿಂದ ಉಳಿಸಬಹುದು. 1905ರ ವಿಯೆನ್ನಾ ಸಭೆಯಲ್ಲೇ ತೆರೆದ ಬಾಗಿಲು ಅದು. ಆಸ್ಟ್ರೇಲಿಯಾದ ಟೋನಿ ಆರ್ಚರ್ಡ್ ಮತ್ತು ಬ್ರೂಸ್ ಮಾಸ್ಲಿನ್ 2003ರಲ್ಲಿ ಇದರ ಮೂಲಕ ಒಂದು ಅರ್ಜಿ ಹಾಕಿದರು: ಅಕೇಶಿಯದ ಮಾದರಿ ಪ್ರಭೇದವನ್ನೇ ಬದಲಿಸಿ, ಜಾಲಿಯ ಬದಲು ಆಸ್ಟ್ರೇಲಿಯಾದ ಒಂದು ಪ್ರಭೇದವನ್ನು ಆ ಸ್ಥಾನದಲ್ಲಿ ಕೂರಿಸಿ.

ಅವರ ವಾದವನ್ನು ನ್ಯಾಯವಾಗಿ ಹೇಳಬೇಕು, ಅದರಲ್ಲಿ ಹುರುಳಿತ್ತು. ಕುಲ ಒಡೆದಾಗ ಸೀಗೆ-ಕಾಚಿನ ಗುಂಪು ಹೇಗಿದ್ದರೂ ‘ಸೆನೆಗೇಲಿಯ’ ಆಗಲೇಬೇಕು, ಅದರಲ್ಲಿ ಆಯ್ಕೆಯಿಲ್ಲ. ಉಳಿದ ಪ್ರಶ್ನೆ ಒಂದೇ. ಜಾಲಿಯ ಗುಂಪಿನ ಸುಮಾರು 160 ಪ್ರಭೇದಗಳ ಹೆಸರು ಬದಲಿಸುವುದೋ, ಆಸ್ಟ್ರೇಲಿಯಾದ ಸುಮಾರು ಸಾವಿರ ಪ್ರಭೇದಗಳದ್ದೋ? ರಾಕೊಸ್ಪರ್ಮ ಲ್ಯಾಟಿನ್ ವ್ಯಾಕರಣದಲ್ಲಿ ನಪುಂಸಕಲಿಂಗ, ಹಾಗಾಗಿ ಎರಡನೆಯ ಪದದ ಕೊನೆಯ ಅಕ್ಷರಗಳೂ ಬದಲಾಗುತ್ತವೆ. ಅರಿಕ್ಯುಲಿಫಾರ್ಮಿಸ್ ಎಂಬುದು ಅರಿಕ್ಯುಲಿಫಾರ್ಮೆ ಆಗುತ್ತದೆ. ನರ್ಸರಿಗಳು, ಬೀಜದ ವ್ಯಾಪಾರ, ನೆಡುತೋಪುಗಳು, ಸಂಶೋಧನೆ ಎಲ್ಲ ಕಡೆ ತಿದ್ದಬೇಕು. ಮೇಲಾಗಿ ಒಂದು ಜಾತಿಯ ಅಕೇಶಿಯ 1988ರಿಂದ ಆಸ್ಟ್ರೇಲಿಯಾದ ಅಧಿಕೃತ ರಾಷ್ಟ್ರೀಯ ಪುಷ್ಪ. ಅವರ ಆಟಗಾರರು ತೊಡುವ ಹಸಿರು-ಚಿನ್ನದ ಬಣ್ಣವೇ ಆ ಗಿಡದ ಬಣ್ಣ.

ಆಫ್ರಿಕಾದವರ ವಾದಕ್ಕೆ ಬಲ ಬಂದದ್ದು ಬೇರೆ ಕಡೆಯಿಂದ. ಸೆರೆಂಗೆಟಿಯ ಬಯಲಲ್ಲಿ ಕೊಡೆಯಂತೆ ನಿಂತ ಮರಗಳ ಚಿತ್ರವನ್ನು ನೋಡದವರಿಲ್ಲ. ಜಗತ್ತು ಅಕೇಶಿಯ ಎಂದರೆ ಮೊದಲು ನೆನೆಯುವುದು ಅದನ್ನು. ಈ ಗುಂಪು ಆಫ್ರಿಕಾ, ಏಷ್ಯಾ, ಅಮೆರಿಕಾ ಖಂಡಗಳ ಎಷ್ಟೋ ದೇಶಗಳಲ್ಲಿ ಹರಡಿದೆ. ಆಸ್ಟ್ರೇಲಿಯಾದ ಗುಂಪು ಬಹುಮಟ್ಟಿಗೆ ಒಂದೇ ದೇಶದ್ದು. ಪ್ರಭೇದಗಳ ಸಂಖ್ಯೆಯನ್ನು ಮಾತ್ರ ಲೆಕ್ಕ ಹಿಡಿದರೆ ಅವುಗಳ ಜೊತೆ ಬದುಕುವ ಜನರ ಸಂಖ್ಯೆಯನ್ನು ಯಾರು ಲೆಕ್ಕ ಹಿಡಿಯಬೇಕು? ಮಾದರಿ ಪ್ರಭೇದ ಎಂಬ ವ್ಯವಸ್ಥೆ ಮಾಡಿದ್ದೇ ಇಂಥ ಜಗಳ ಬಾರದಿರಲೆಂದು. ಜಗಳ ಬಂದ ತಕ್ಷಣ ಮಾದರಿಯನ್ನೇ ಬದಲಿಸಿದರೆ ಆ ವ್ಯವಸ್ಥೆಗೆ ಏನು ಬೆಲೆ? ಇದು ಅವರ ಪ್ರಶ್ನೆ. ನನಗೂ ಇದೇ ಹೆಚ್ಚು ತೂಕದ ಪ್ರಶ್ನೆ ಅನಿಸುತ್ತದೆ.

ಅರ್ಜಿ ಪರಿಣತರ ಸಮಿತಿಯ ಮುಂದೆ ಹೋಯಿತು. ಒಮ್ಮತವಿಲ್ಲದಿದ್ದರೂ ಸಮಿತಿ ಒಪ್ಪಿಗೆ ಕೊಟ್ಟಿತು, ಮೇಲಿನ ಸಮಿತಿಯೂ ಅನುಮೋದಿಸಿತು. 2005ರ ವಿಯೆನ್ನಾ ಸಭೆಯಲ್ಲಿ ಈ ಒಂದು ತೀರ್ಮಾನವನ್ನು ತಳ್ಳಿಹಾಕಬೇಕೆಂಬ ಸೂಚನೆ ಬಂತು. ಅಲ್ಲಿ ಬಿದ್ದ ಮತಗಳೇ ಆರಂಭದಲ್ಲಿ ಹೇಳಿದವು. ತಳ್ಳಿಹಾಕಿ ಎಂದವರು ಶೇ 54.9. ಆದರೆ ಸಮಿತಿಯ ತೀರ್ಮಾನವನ್ನು ತಿರಸ್ಕರಿಸಲು ಶೇ 60 ಬೇಕು ಎಂದು ಸಭೆಯನ್ನು ನಡೆಸಿದವರು ನಿಯಮವನ್ನು ಅರ್ಥ ಮಾಡಿದರು. ಬೇಕಾದಷ್ಟು ಮತ ಬೀಳಲಿಲ್ಲ, ಸಮಿತಿಯ ತೀರ್ಮಾನ ಊರ್ಜಿತವಾಯಿತು. ವಿರೋಧಿಗಳು ಅದನ್ನೇ ತಿರುಗಿಸಿ ಕೇಳಿದರು: ಸಂಹಿತೆಯಲ್ಲಿ ಏನನ್ನಾದರೂ ಬದಲಿಸುವವರಿಗಲ್ಲವೇ ಶೇ 60 ಬೇಕಾದದ್ದು? ಇದ್ದದ್ದನ್ನು ಇದ್ದಂತೆ ಉಳಿಸಿ ಎನ್ನುವವರಿಗೆ ಆ ಹೊರೆ ಏಕೆ?

ಈ ಪ್ರಶ್ನೆ ಆರು ವರ್ಷ ಕುದಿಯಿತು. ಮುಂದಿನ ಸಭೆ 2011ರ ಜುಲೈಯಲ್ಲಿ ಮೆಲ್ಬರ್ನ್‌ನಲ್ಲಿ, ಅಂದರೆ ಆಸ್ಟ್ರೇಲಿಯಾದ ನೆಲದಲ್ಲೇ. ವಿಯೆನ್ನಾದ ತೀರ್ಮಾನವನ್ನು ಪ್ರಶ್ನಿಸುವ ಪ್ರಯತ್ನ ಅಲ್ಲಿ ಸೋತಿತು, ರಾಜಿಸೂತ್ರಗಳೂ ಸೋತವು. ಈ ಬಾರಿ ಬಹುಮತ ಸ್ಪಷ್ಟವಾಗಿ ಆಸ್ಟ್ರೇಲಿಯಾದ ಕಡೆಗಿತ್ತು. ವರ್ಷಗಟ್ಟಲೆ ನಡೆದ ಗೊಂದಲಕ್ಕೆ ತೆರೆ ಬೀಳಲಿ ಎಂದು ಬಯಸಿದವರೂ ಅದರಲ್ಲಿ ಸೇರಿದ್ದರು. ಕಾನೂನಿನ ಮಟ್ಟಿಗೆ ವಿಷಯ ಮುಗಿಯಿತು.

ಜಾಲಿಗೆ ಸಿಕ್ಕ ಹೊಸ ಹೆಸರು ‘ವಾಚೆಲಿಯ ನಿಲೋಟಿಕ’, 2008ರಲ್ಲಿ ಪ್ರಕಟವಾದದ್ದು. ಈ ಕುಲನಾಮದ ಹುಟ್ಟು ನಮಗೆ ದೂರದ್ದಲ್ಲ. ಮದರಾಸಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ವೈದ್ಯನಾಗಿದ್ದು, ರಂಗಯ್ಯ, ಗೋವಿಂದು ಎಂಬ ಭಾರತೀಯ ಚಿತ್ರಕಾರರಿಂದ ದಕ್ಷಿಣ ಭಾರತದ ಗಿಡಗಳ ಅಪೂರ್ವ ಚಿತ್ರಗಳನ್ನು ಬರೆಸಿದ ರಾಬರ್ಟ್ ವೈಟ್, ವಾಕರ್ ಆರ್ನಟ್ ಜೊತೆ ಸೇರಿ 1834ರಲ್ಲಿ ಭಾರತದ ಪರ್ಯಾಯದ್ವೀಪದ ಸಸ್ಯಗಳ ಬಗ್ಗೆ ಒಂದು ಗ್ರಂಥ ತಂದ. ಅದರಲ್ಲಿ ಕಸ್ತೂರಿ ಜಾಲಿಗಾಗಿ ಸೃಷ್ಟಿಸಿದ ಕುಲ ವಾಚೆಲಿಯ. ಮಕಾವುದಲ್ಲಿ ಕಂಪನಿಯ ಪಾದ್ರಿಯಾಗಿದ್ದು ಚೀನಾದ ಗಿಡಗಳನ್ನು ಸಂಗ್ರಹಿಸಿದ ಜಾರ್ಜ್ ವಾಚೆಲ್ ನೆನಪಿಗೆ ಇಟ್ಟ ಹೆಸರು. ಸಾವಿರಾರು ವರ್ಷ ಗ್ರೀಕ್, ಅರಬ್ಬಿ, ಲ್ಯಾಟಿನ್ ವೈದ್ಯಗ್ರಂಥಗಳಲ್ಲಿ ಓಡಾಡಿದ ಮರ ಈಗ ಒಬ್ಬ ಪಾದ್ರಿಯ ಹೆಸರಿನಲ್ಲಿದೆ.

ಕರ್ನಾಟಕದಲ್ಲಿ ಈ ತೀರ್ಪಿನ ಪರಿಣಾಮ ಇನ್ನೂ ಚುಚ್ಚುತ್ತದೆ. 1980ರ ದಶಕದಿಂದ ಸಾಮಾಜಿಕ ಅರಣ್ಯದ ಹೆಸರಿನಲ್ಲಿ, ಆಮೇಲೆ ನೆಡುತೋಪುಗಳಾಗಿ ಮಲೆನಾಡು ಕರಾವಳಿಗಳಲ್ಲಿ ಎಕರೆಗಟ್ಟಲೆ ನೆಟ್ಟ ಮರವೊಂದಿದೆ. ಮೂಲ ಉತ್ತರ ಆಸ್ಟ್ರೇಲಿಯಾ, ನ್ಯೂಗಿನಿ ಕಡೆಯದು. ಕುಡುಗೋಲಿನಂತೆ ಬಾಗಿದ ಅದರ ‘ಎಲೆ’ ಎಲೆಯೇ ಅಲ್ಲ, ಚಪ್ಪಟೆಯಾದ ತೊಟ್ಟು. ದನಕರು ಮೂಸುವುದಿಲ್ಲ, ಉದುರಿದ ತರಗು ಬೇಗ ಕೊಳೆಯುವುದಿಲ್ಲ. ಸೊಪ್ಪಿನಬೆಟ್ಟ, ಗೋಮಾಳಗಳನ್ನು ಅದು ಆವರಿಸಿದ್ದರ ಬಗ್ಗೆ ಮಲೆನಾಡಿನ ರೈತರ, ಪರಿಸರ ಕಾರ್ಯಕರ್ತರ ಸಿಟ್ಟು ಹಳೆಯದು. ಅದನ್ನು ಜನ ಕರೆಯುವುದು ‘ಅಕೇಶಿಯ’ ಎಂದೇ. ಇಲಾಖೆಯವರು ಸಸಿಯ ಜೊತೆ ತಂದ ಹೆಸರು ಊರವರ ಬಾಯಲ್ಲಿ ನಿಂತಿತು. ಈಗ ಅಂತಾರಾಷ್ಟ್ರೀಯ ಸಂಹಿತೆಯ ಪ್ರಕಾರ ಕರ್ನಾಟಕದಲ್ಲಿ ಅಕೇಶಿಯ ಎಂದು ಕರೆಸಿಕೊಳ್ಳುವ ಹಕ್ಕಿರುವುದು ಅದಕ್ಕೂ ಹಾಗೆಯೇ ತಂದು ನೆಟ್ಟ ಅದರ ಸೋದರ ಮರಗಳಿಗೂ ಮಾತ್ರ. ಇಲ್ಲಿಯೇ ಹುಟ್ಟಿ ಬೆಳೆದ ಕರಿಜಾಲಿ, ಬಿಳಿಜಾಲಿ ವಾಚೆಲಿಯಗಳಾದವು. ತಲೆಗೆ ತಿಕ್ಕುವ ಸೀಗೆ, ವೀಳ್ಯಕ್ಕೆ ಬೀಳುವ ಕಾಚು ಸೆನೆಗೇಲಿಯಗಳಾದವು.

ಜಾಲಿಯೂ ಆಸ್ಟ್ರೇಲಿಯಾಕ್ಕೆ ಹೋಗಿದೆ. 1890ರ ದಶಕದಲ್ಲಿ ಕ್ವೀನ್ಸ್‌ಲ್ಯಾಂಡಿನ ಕುರಿಗಾರರಿಗೆ ನೆರಳು, ಮೇವು ಎರಡೂ ಸಿಗಲೆಂದು ಒಯ್ದರು. ಭಾರತ ಉಪಖಂಡದ ಉಪಪ್ರಭೇದವೇ ಅದು. ಅಲ್ಲಿನ ವಿಶಾಲ ಹುಲ್ಲುಗಾವಲುಗಳಲ್ಲಿ ಲಕ್ಷಾಂತರ ಹೆಕ್ಟೇರ್ ಹರಡಿ, ಇಂದು ಆ ದೇಶದ ರಾಷ್ಟ್ರಮಟ್ಟದ ಅಪಾಯಕಾರಿ ಕಳೆಗಳ ಪಟ್ಟಿಯಲ್ಲಿದೆ. ಅದನ್ನು ಹತೋಟಿಗೆ ತರಬಲ್ಲ ಕೀಟಗಳನ್ನು ಹುಡುಕಿಕೊಂಡು ಕ್ವೀನ್ಸ್‌ಲ್ಯಾಂಡಿನ ವಿಜ್ಞಾನಿಗಳು ತಮಿಳುನಾಡು, ಕರ್ನಾಟಕಗಳ ಜಾಲಿ ಮರಗಳವರೆಗೆ ಬಂದರು. ಹೀಗೆ ತರುವ ಕೀಟ ಜಾಲಿಯನ್ನಷ್ಟೇ ತಿನ್ನಬೇಕು, ಆಸ್ಟ್ರೇಲಿಯಾದ ಸಾವಿರ ಅಕೇಶಿಯಗಳನ್ನು ಮುಟ್ಟಬಾರದು. ಎರಡೂ ಒಂದೇ ಕುಲವೆಂದು ನಂಬಿದ್ದ ಕಾಲದಲ್ಲಿ ಇದು ಎಷ್ಟು ಅಪಾಯದ ಕೆಲಸವಾಗಿ ಕಾಣುತ್ತಿತ್ತೋ, ಸಂಬಂಧ ದೂರದ್ದೆಂದು ತಿಳಿದ ಮೇಲೆ ಅಷ್ಟಿಲ್ಲ. ಕುಲ ಒಡೆದದ್ದು ಸರಿ ಎನ್ನಲು ಈ ಒಂದು ಉಪಯೋಗವೇ ಸಾಕು. ನನ್ನ ತಕರಾರಿರುವುದು ಒಡೆದ ಮೇಲೆ ಹೆಸರು ಹಂಚಿದ ರೀತಿಯ ಬಗ್ಗೆ.

ಹಾಗೆ ಹಂಚಲೇಬೇಕಾಗಿರಲಿಲ್ಲ ಎಂಬುದಕ್ಕೆ ಸಾಕ್ಷಿ ಜಾಲಿಯ ಪಕ್ಕದಲ್ಲೇ ಇದೆ: ಬನ್ನಿ ಮರ. ವಿಜಯದಶಮಿಯಂದು ನಾವು ಸೊಪ್ಪು ಹಂಚಿಕೊಳ್ಳುವ ಬನ್ನಿಯ ಕುಲ ಪ್ರೊಸೊಪಿಸ್. ಬಳ್ಳಾರಿ ಜಾಲಿ ಎಂದು ನಾವು ಕರೆಯುವ, ಬಯಲುಸೀಮೆಯ ಕೆರೆ ಹಳ್ಳಗಳನ್ನೆಲ್ಲ ನುಂಗಿದ ಪರದೇಶದ ಮುಳ್ಳುಗಿಡವೂ ಇದೇ ಕುಲದ್ದೆಂದು ತಿಳಿದಿದ್ದೆವು. ಡಿಎನ್‌ಎ ಇಲ್ಲಿಯೂ ಬೇರೆ ಕತೆ ಹೇಳಿತು. 2022ರಲ್ಲಿ ಪ್ರೊಸೊಪಿಸ್ ಕುಲವನ್ನು ಒಡೆದರು. ಪ್ರಭೇದಗಳಲ್ಲಿ ಬಹುಪಾಲು ಅಮೆರಿಕಾ ಖಂಡದವು. ಉರುವಲು, ಇದ್ದಿಲು, ಮೇವು ಎಂದು ಜಗತ್ತಿನ ಬಳಕೆಯಲ್ಲಿ, ಸಂಶೋಧನೆಯಲ್ಲಿ ಹೆಚ್ಚು ಓಡಾಡುವುದೂ ಅವೇ. ಸಂಖ್ಯೆಯೇ ಮಾನದಂಡವಾಗಿದ್ದರೆ ಹೆಸರು ಅವಕ್ಕೆ ಹೋಗಬೇಕಿತ್ತು. ಆದರೆ ಲಿನೇಯಸ್ 1767ರಲ್ಲಿ ಪ್ರೊಸೊಪಿಸ್ ಕುಲವನ್ನು ಕಟ್ಟಿದ್ದು ಭಾರತದ ಬನ್ನಿಯನ್ನು ಮುಂದಿಟ್ಟುಕೊಂಡು. ಆದ್ದರಿಂದ ಹೆಸರು ಬನ್ನಿಯಲ್ಲೇ ಉಳಿಯಿತು. ಈಗ ಆ ಕುಲದಲ್ಲಿರುವುದು ಬರೀ ಮೂರು ಪ್ರಭೇದ. ಬಳ್ಳಾರಿ ಜಾಲಿ ‘ನೆಲ್ಟುಮ ಜೂಲಿಫ್ಲೋರ’ ಆಯಿತು. ಅಮೆರಿಕಾದ ನಲವತ್ತಕ್ಕೂ ಹೆಚ್ಚು ಪ್ರಭೇದಗಳು ಹೊಸ ಹೆಸರಿಗೆ ಹೊಂದಿಕೊಳ್ಳುತ್ತಿವೆ. ನಿಯಮವನ್ನು ಇದ್ದಂತೆ ಪಾಲಿಸಿದ್ದರಿಂದ ಸಸ್ಯಶಾಸ್ತ್ರಕ್ಕೆ ಏನೂ ನಷ್ಟವಾಗಲಿಲ್ಲ. ಒಂದೇ ಬದುವಿನಲ್ಲಿ ನಿಂತ ಎರಡು ಮರಗಳಲ್ಲಿ ಬನ್ನಿಗೆ ಸಂದ ನ್ಯಾಯ ಜಾಲಿಗೆ ಸಲ್ಲಲಿಲ್ಲ.

ಹೆಸರು ಏನಾದರೇನು, ಮರ ಮರವೇ ಅಲ್ಲವೇ ಎಂದು ಕೇಳುವವರಿದ್ದಾರೆ. ವೈಜ್ಞಾನಿಕ ಹೆಸರು ಬರೀ ಅಲಂಕಾರವಲ್ಲ, ಒಂದು ಗಿಡದ ಬಗ್ಗೆ ಮನುಷ್ಯರು ಈವರೆಗೆ ಕಂಡುಕೊಂಡದ್ದನ್ನೆಲ್ಲ ತಲುಪುವ ದಾರಿ. ಜಾಲಿಯ ತೊಗಟೆಯ ಬಗ್ಗೆ ಇಂದು ಸಂಶೋಧನೆ ಮಾಡುವ ವಿದ್ಯಾರ್ಥಿನಿ ಅಕೇಶಿಯ ಅರಾಬಿಕ, ಅಕೇಶಿಯ ನಿಲೋಟಿಕ, ವಾಚೆಲಿಯ ನಿಲೋಟಿಕ ಮೂರರಲ್ಲೂ ಹುಡುಕಬೇಕು. ಒಂದನ್ನು ಬಿಟ್ಟರೆ ಹಲವು ದಶಕಗಳ ಕೆಲಸ ಕಣ್ಣಿಗೆ ಬೀಳದೆ ಹೋಗುತ್ತದೆ. ತಿಂಡಿ, ತಂಪು ಪಾನೀಯಗಳಿಗೆ ಸೇರಿಸುವ ಗಮ್ ಅರಾಬಿಕ್, ಪೊಟ್ಟಣದ ಮೇಲೆ 414 ಎಂಬ ಸಂಖ್ಯೆಯಲ್ಲಿ ಕಾಣುವುದು, ಅದರ ಅಂತಾರಾಷ್ಟ್ರೀಯ ವ್ಯಾಖ್ಯೆಯಲ್ಲಿ ಅಕೇಶಿಯ ಸೆನೆಗಲ್, ಅಕೇಶಿಯ ಸೆಯಾಲ್ ಎಂಬ ಮರಗಳ ಅಂಟು ಎಂದಿದೆ. ಈಗ ಒಂದು ಸೆನೆಗೇಲಿಯ, ಇನ್ನೊಂದು ವಾಚೆಲಿಯ. ಅಕೇಶಿಯ ಗಮ್ ಎಂದು ಮಾರಾಟವಾಗುವ ಅಂಟಿನ ಎರಡೂ ಮರಗಳು ಅಕೇಶಿಯ ಕುಲದಲ್ಲಿಲ್ಲ. ಸುಡಾನಿನ ಬರಡು ನೆಲದಲ್ಲಿ ಆ ಅಂಟು ಕೆತ್ತಿ ಬದುಕುವ ಕುಟುಂಬಗಳಿಗೆ ಮೆಲ್ಬರ್ನ್‌ನಲ್ಲಿ ಮತವಿರಲಿಲ್ಲ.

ಯಾರಿಗೆ ಮತವಿತ್ತು ಎಂಬುದನ್ನು ನೋಡಬೇಕು. ಸಭೆಗೆ ಬಂದು ನೋಂದಾಯಿಸಿಕೊಂಡ ಪ್ರತಿಯೊಬ್ಬರಿಗೂ ಒಂದು ಸ್ವಂತ ಮತ. ಅದರ ಜೊತೆ ಹರ್ಬೇರಿಯಂಗಳಿಗೆ, ಅಂದರೆ ಒಣಗಿಸಿದ ಸಸ್ಯಮಾದರಿಗಳ ಸಂಗ್ರಹಾಲಯಗಳಿಗೆ, ಅವುಗಳ ಹಿರಿಮೆ ನೋಡಿ ಒಂದರಿಂದ ಏಳರವರೆಗೆ ಮತ. ಸಂಸ್ಥೆಯಿಂದ ಯಾರೂ ಹೋಗಲಾಗದಿದ್ದರೆ ಹೋಗುವ ಇನ್ನೊಬ್ಬರ ಕೈಯಲ್ಲಿ ಅಧಿಕಾರಪತ್ರ ಕೊಡಬಹುದು, ಒಬ್ಬರು ಒಟ್ಟು ಹದಿನೈದು ಮತ ಮೀರದಂತೆ ಹಾಕಬಹುದು. ಕಾಗದದ ಮೇಲೆ ಇದು ನ್ಯಾಯವೇ. ಆದರೆ ದೊಡ್ಡ ಹರ್ಬೇರಿಯಂಗಳು ಬಹುಪಾಲು ಯುರೋಪ್, ಉತ್ತರ ಅಮೆರಿಕಾಗಳಲ್ಲಿವೆ. ಹಿಂದೆ ವಸಾಹತುಗಳಿಂದ ಮಾದರಿಗಳು ಹೋದದ್ದೂ ಅಲ್ಲಿಗೇ. ವಿಮಾನದ ಖರ್ಚು ಭರಿಸಬಲ್ಲ ವಿಶ್ವವಿದ್ಯಾಲಯಗಳೂ ಅಲ್ಲಿಯೇ ಹೆಚ್ಚು. 1900ರ ಪ್ಯಾರಿಸ್ ಸಭೆಯಿಂದ 2024ರ ಮ್ಯಾಡ್ರಿಡ್ ಸಭೆಯವರೆಗೆ ಈ ಮಹಾಸಭೆ ಒಮ್ಮೆಯೂ ಆಫ್ರಿಕಾದಲ್ಲಿ ನಡೆದಿಲ್ಲ, ಭಾರತದಲ್ಲೂ ನಡೆದಿಲ್ಲ. ಅತಿ ಹೆಚ್ಚು ಗಿಡಮರಗಳಿರುವ ನಾಡುಗಳು ಹೆಸರಿಡುವ ಸಭೆಯಿಂದ ಅತಿ ದೂರ ಇದ್ದವು.

ಆದರೂ ಬಾಗಿಲು ಪೂರ್ತಿ ಮುಚ್ಚಿಲ್ಲ. ಆಫ್ರಿಕಾದ ಕಪ್ಪು ಜನರನ್ನು ಹೀನಾಯವಾಗಿ ನಿಂದಿಸಲು ಬಳಸುತ್ತಿದ್ದ ಒಂದು ಪದ ಇನ್ನೂರಕ್ಕೂ ಹೆಚ್ಚು ಸಸ್ಯನಾಮಗಳಲ್ಲಿ ಸೇರಿಕೊಂಡಿತ್ತು. ಅದರಲ್ಲಿ ದಕ್ಷಿಣ ಆಫ್ರಿಕಾದ, ಹಿಂದೆ ಅಕೇಶಿಯ ಎನಿಸಿಕೊಂಡಿದ್ದ ಒಂದು ಕೊಕ್ಕೆಮುಳ್ಳಿನ ಮರವೂ ಇತ್ತು. ಅದನ್ನು ತೆಗೆಯಬೇಕೆಂದು ದಕ್ಷಿಣ ಆಫ್ರಿಕಾದ ಗಿಡಿಯನ್ ಸ್ಮಿತ್ ಮತ್ತು ಎಸ್ಟ್ರೆಲಾ ಫಿಗೆರೆಡೊ ಸೂಚಿಸಿದರು. 2024ರ ಜುಲೈಯಲ್ಲಿ ಮ್ಯಾಡ್ರಿಡ್ ಸಭೆ ಅದನ್ನು ಮತಕ್ಕೆ ಹಾಕಿ ಒಪ್ಪಿತು. ಒಂದಕ್ಷರ ಉದುರಿಸಿ ‘ಆಫ್ರಿಕಾದ’ ಎಂಬರ್ಥ ಬರುವಂತೆ ಆ ಹೆಸರುಗಳನ್ನೆಲ್ಲ ಒಟ್ಟಿಗೆ ತಿದ್ದಿತು. ಹೆಸರು ಒಮ್ಮೆ ಇಟ್ಟರೆ ಅಲುಗಾಡಿಸಬಾರದು ಎಂದು ಹಟ ಹಿಡಿದಿದ್ದವರೂ ಆ ಸಭೆಯಲ್ಲಿದ್ದರು, ಅವರಿಗೆ ಸೋಲಾಯಿತು. ಮಾದರಿ ಪ್ರಭೇದವನ್ನೇ ಬದಲಿಸಲು ಸಾಧ್ಯವಾದ ಸಂಹಿತೆಗೆ ಒಂದು ಬೈಗುಳವನ್ನು ಅಳಿಸುವುದು ಅಸಾಧ್ಯವೆಂದು ಯಾರೂ ಹೇಳುವಂತಿರಲಿಲ್ಲ.

ಜಾಲಿಯ ವಿಷಯದಲ್ಲಿ ಈಗ ಮಾಡಬೇಕಾದ್ದೇನು? ತೀರ್ಪನ್ನು ಮತ್ತೆ ತಿರುಗಿಸಿ ಎಂದು ನಾನು ಕೇಳುವುದಿಲ್ಲ. ಇಪ್ಪತ್ತು ವರ್ಷದಲ್ಲಿ ವಾಚೆಲಿಯ ಎಂಬ ಹೆಸರಿನಲ್ಲಿ ಸಾಕಷ್ಟು ಕೆಲಸ ನಡೆದಿದೆ, ಇನ್ನೊಮ್ಮೆ ಬದಲಿಸಿದರೆ ಜಾಲಿಗೇ ತೊಂದರೆ. ಕುಲ ಒಡೆದದ್ದನ್ನೇ ಒಪ್ಪದೆ ಹಳೆಯ ವಿಶಾಲ ಅಕೇಶಿಯವನ್ನೇ ಹಿಡಿದುಕೊಳ್ಳಲು ಸಂಹಿತೆ ಇಂದಿಗೂ ಅಡ್ಡಿಪಡಿಸುವುದಿಲ್ಲ. ಅಂಥವರು ಅಕೇಶಿಯ ನಿಲೋಟಿಕ ಎಂದು ಬರೆದರೆ ಅದು ನಿಯಮಭಂಗವಲ್ಲ. ಆದರೆ ಡಿಎನ್‌ಎ ತೋರಿಸಿದ್ದನ್ನು ಕಂಡೂ ಕಾಣದಂತೆ ಇರಬೇಕಾಗುತ್ತದೆ, ಅದು ನನಗೆ ಒಪ್ಪಿಗೆಯಿಲ್ಲ. ನಮ್ಮ ಉದ್ಯಾನಗಳ ಫಲಕಗಳಲ್ಲಿ, ಪಠ್ಯಪುಸ್ತಕಗಳಲ್ಲಿ, ಇಲಾಖೆಯ ಪಟ್ಟಿಗಳಲ್ಲಿ ವಾಚೆಲಿಯ ನಿಲೋಟಿಕ ಎಂದು ಬರೆದು, ಕೆಳಗೆ ಹಳೆಯ ಎರಡು ಹೆಸರುಗಳನ್ನೂ ಕೊಡಬೇಕು. ಎಲ್ಲಕ್ಕಿಂತ ಮೇಲೆ, ದೊಡ್ಡ ಅಕ್ಷರದಲ್ಲಿ, ಜಾಲಿ ಎಂದಿರಬೇಕು. ಗೊಬ್ಬಳಿ ಎನ್ನುವ ಊರಿನಲ್ಲಿ ಗೊಬ್ಬಳಿ ಎಂದೂ ಇರಲಿ.

ಮುಂದಿನ ಮಹಾಸಭೆ 2029ರಲ್ಲಿ ಕೇಪ್‌ಟೌನ್‌ನಲ್ಲಿ, ಮೊದಲ ಬಾರಿಗೆ ಆಫ್ರಿಕಾದ ನೆಲದಲ್ಲಿ. ಹೌರಾದಲ್ಲಿ ಭಾರತೀಯ ಸಸ್ಯ ಸರ್ವೇಕ್ಷಣೆಯ ಕೇಂದ್ರೀಯ ಹರ್ಬೇರಿಯಂ ಇದೆ. ಹಾಸನ ಜಿಲ್ಲೆಯ ಗಿಡಮರಗಳ ಬಗ್ಗೆ 1976ರಲ್ಲಿ ಗ್ರಂಥ ತಂದ ಸಿಸಿಲ್ ಸಲ್ಡಾನಾ ಸಂಗ್ರಹಿಸಿದ ಮಾದರಿಗಳು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿವೆ. ದೇಶದಲ್ಲಿ ಇಂಥ ಇನ್ನೂ ಎಷ್ಟೋ ಸಂಗ್ರಹಗಳಿವೆ. ಕೇಪ್‌ಟೌನ್‌ಗೆ ಇವುಗಳ ಪರವಾಗಿ ಯಾರು ಹೋಗುತ್ತಾರೆ, ಹೋಗಲಾಗದವರ ಅಧಿಕಾರಪತ್ರ ಯಾರ ಕೈಯಲ್ಲಿರುತ್ತದೆ ಎಂಬುದು ಹೋಗುವ ವರ್ಷ ನೆನಪಾದರೆ ತಡವಾಗುತ್ತದೆ. ಪಟ್ಟಿ ಮಾಡುವ ಕೆಲಸ ಈ ವರ್ಷವೇ ಶುರುವಾಗಬೇಕು.